ಆಜ್ಞೆ ಸಿಗದಿದ್ದಾಗ ಕೇಳಬೇಕಾದ ಪ್ರಶ್ನೆ

ವಿಜ್ಞಾನದ ವಿದ್ಯಾರ್ಥಿಗೆ ತಕ್ಕಡಿ, ಮಸೂರ, ವೋಲ್ಟ್‌ಮೀಟರುಗಳಂತೆಯೇ ಗಣಕಯಂತ್ರವೂ ಇಂದು ಒಂದು ಪ್ರಯೋಗೋಪಕರಣವಾಗಿದೆ. ಅಳತೆಗಳನ್ನು ಕಲೆಹಾಕಿ ನಕ್ಷೆ ಬರೆಯುವುದು, ದೂರದ ವೀಕ್ಷಣಾಲಯವೊಂದು ಪ್ರಕಟಿಸಿದ ಅಂಕಿಗಳನ್ನು ತೆರೆದು ಓದುವುದು, ಸಮೀಕರಣಗಳನ್ನು ಸಂಖ್ಯಾವಿಧಾನದಿಂದ ಬಿಡಿಸುವುದು, ಇವೆಲ್ಲ ಪದವಿ ತರಗತಿಗಳಲ್ಲಿ ಸಾಮಾನ್ಯ ಕೆಲಸಗಳು. ಇವುಗಳಿಗೆ ಲಿನಕ್ಸ್ ವ್ಯವಸ್ಥೆಯನ್ನು ಬಳಸುವ ವಿದ್ಯಾರ್ಥಿಗೆ ಒಂದಲ್ಲ ಒಂದು ದಿನ ಎದುರಾಗುವ ಅನುಭವವೊಂದುಂಟು. ಪುಸ್ತಕದಲ್ಲಿ ಕೊಟ್ಟಿರುವ ಆಜ್ಞೆಯನ್ನು ಅಕ್ಷರಶಃ ಕೀಲಿಮಣೆಯಲ್ಲಿ ಒತ್ತಿದರೆ ಯಂತ್ರವು 'ಕಮ್ಯಾಂಡ್ ನಾಟ್ ಫೌಂಡ್' ಎಂದು ಒಂದೇ ಸಾಲಿನಲ್ಲಿ ಉತ್ತರವಿತ್ತು ಸುಮ್ಮನಾಗುವುದು. ಆಜ್ಞೆ ಸಿಗಲಿಲ್ಲವೆಂದು ಇದರ ಅರ್ಥ.

ಈ ಒಂದು ಸಾಲನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಎದುರಿಸುವುದನ್ನು ಅಧ್ಯಾಪಕರೆಲ್ಲರೂ ಬಲ್ಲರು. ಕೆಲವರು ಅದನ್ನು ತಮ್ಮ ಯೋಗ್ಯತೆಯ ಮೇಲಿನ ತೀರ್ಪೆಂದೇ ಭಾವಿಸಿ, ಗಣಕಯಂತ್ರ ತಮಗೆ ಒಗ್ಗದ ವಿದ್ಯೆಯೆಂದು ಕೈಬಿಡುತ್ತಾರೆ. ಮತ್ತೆ ಕೆಲವರು ಎಲ್ಲಿಯೋ ಯಾರೋ ಬರೆದಿಟ್ಟ ಪರಿಹಾರವನ್ನು ನಕಲುಮಾಡಿ, ಅದರ ಅರ್ಥವನ್ನು ವಿಚಾರಿಸದೆಯೇ ಯಂತ್ರಕ್ಕೆ ಉಣಿಸುತ್ತಾರೆ. ಮೊದಲನೆಯದು ಅನಾವಶ್ಯಕವಾದ ಭಯ. ಎರಡನೆಯದು ಅನುಚಿತವಾದ ಧೈರ್ಯ. ಇವೆರಡನ್ನೂ ಬಿಟ್ಟು ಮೂರನೆಯದೊಂದು ದಾರಿ ಉಂಟು. 'ಈ ಆಜ್ಞೆಯನ್ನು ಒದಗಿಸುವ ಪ್ಯಾಕೇಜು ಯಾವುದು?' ಎಂದು ತನ್ನ ವ್ಯವಸ್ಥೆಯ ಸೂಚಿಯನ್ನೇ ಕೇಳುವುದು ಆ ದಾರಿ. ಗಣಕಯಂತ್ರದ ಮೂಲಕ ವಿಜ್ಞಾನವನ್ನು ಕಲಿಸುವ ಪ್ರತಿಯೊಂದು ಕಾಲೇಜಿನಲ್ಲಿಯೂ ಈ ಪ್ರಶ್ನೆಯನ್ನು ಕೇಳುವ ಕ್ರಮವನ್ನು ಮೊದಲನೆಯ ವಾರದಲ್ಲಿಯೇ ಕಲಿಸತಕ್ಕದ್ದೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಒಂದು ಉದಾಹರಣೆಯ ಮೂಲಕ ಮುಂದಿಡುತ್ತೇನೆ.

2015ನೆಯ ಇಸವಿಯ ಸೆಪ್ಟೆಂಬರ್ 14ರಂದು ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ನುಗಳಲ್ಲಿರುವ ಲೈಗೊ ಶೋಧಕಗಳು ಎರಡು ಕೃಷ್ಣವಿವರಗಳ ಸಂಯೋಗದಿಂದ ಹೊರಟ ಗುರುತ್ವಾಕರ್ಷಣ ತರಂಗವನ್ನು ಮೊಟ್ಟಮೊದಲ ಬಾರಿಗೆ ಗುರುತಿಸಿದುವು. ಆ ಕ್ಷಣದ ಅಳತೆಗಳನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾಗಿದೆ. ಸೆಕೆಂಡಿಗೆ 4,096 ಅಳತೆಗಳಂತೆ 32 ಸೆಕೆಂಡುಗಳ ಒಂದು ಕಡತದಲ್ಲಿ 1,31,072 ಅಂಕಿಗಳಿರುತ್ತವೆ. ಕಡತವು ಎಚ್‌ಡಿಎಫ್5 ಎಂಬ ವಿನ್ಯಾಸದಲ್ಲಿರುವುದರಿಂದ ಸಾಮಾನ್ಯ ಬರಹದ ಕಡತದಂತೆ ಅದನ್ನು ತೆರೆದು ಓದಲು ಬರುವುದಿಲ್ಲ. ಅದರೊಳಗೆ ಏನಿದೆಯೆಂದು ನೋಡಲು ಎಚ್5ಡಂಪ್ ಎಂಬ ಚಿಕ್ಕ ಉಪಕರಣ ಉಂಟು. ಭೌತಶಾಸ್ತ್ರದ ವಿದ್ಯಾರ್ಥಿಯೊಬ್ಬನು ಉತ್ಸಾಹದಿಂದ ಕಡತವನ್ನು ಇಳಿಸಿಕೊಂಡು ಎಚ್5ಡಂಪ್ ಎಂದು ಒತ್ತುತ್ತಾನೆ. ಆಜ್ಞೆ ಸಿಗಲಿಲ್ಲವೆಂದು ಯಂತ್ರ ಹೇಳುವುದು. ನೂರು ಕೋಟಿಗೂ ಹೆಚ್ಚು ಜ್ಯೋತಿರ್ವರ್ಷಗಳಷ್ಟು ದೂರದಿಂದ ಬಂದ ತರಂಗದ ದಾಖಲೆ ಕೈಯಲ್ಲಿದ್ದರೂ ಒಂದು ಸಣ್ಣ ಉಪಕರಣವಿಲ್ಲದೆ ಅವನ ಕೆಲಸ ಅಲ್ಲಿಗೇ ನಿಲ್ಲುವುದು.

ಇಲ್ಲಿ ಯಂತ್ರವು ನಿಜವಾಗಿ ಮಾಡಿದ ಕೆಲಸವಾದರೂ ಏನು? ನಾವು ಒತ್ತಿದ ಆಜ್ಞೆಯನ್ನು ಸ್ವೀಕರಿಸಿ ನಡೆಸುವ ಕ್ರಮವಿಧಿಗೆ ಶೆಲ್ ಎಂದು ಹೆಸರು. ಶೆಲ್ಲಿನ ಬಳಿ ಪಾಥ್ ಎಂಬ ಒಂದು ಪಟ್ಟಿ ಇರುವುದು. ಆಜ್ಞೆಗಳನ್ನು ಯಾವ ಯಾವ ಕೋಶಗಳಲ್ಲಿ, ಯಾವ ಅನುಕ್ರಮದಲ್ಲಿ ಹುಡುಕಬೇಕೆಂದು ಆ ಪಟ್ಟಿ ಹೇಳುತ್ತದೆ. ಶೆಲ್ಲು ಒಂದೊಂದೇ ಕೋಶವನ್ನು ನೋಡುತ್ತ ಹೋಗಿ, ಆ ಹೆಸರಿನ ಕಡತ ಸಿಕ್ಕಿದೊಡನೆ ಅದನ್ನು ನಡೆಸುವುದು. ಕೊನೆಯ ಕೋಶದವರೆಗೂ ಸಿಗದಿದ್ದರೆ 127 ಎಂಬ ಸಂಕೇತಸಂಖ್ಯೆಯೊಡನೆ ಹಿಂದಿರುಗುವುದು. ಕಡತ ಸಿಕ್ಕಿಯೂ ಅದನ್ನು ನಡೆಸಲು ಅನುಮತಿಯಿಲ್ಲದಿದ್ದರೆ ಆ ಸಂಖ್ಯೆ 126. ಆದುದರಿಂದ 'ಸಿಗಲಿಲ್ಲ' ಎಂಬ ಮಾತು ಬಹು ಸೀಮಿತವಾದ ಒಂದು ವರದಿಯಾಗಿದೆ. ತಾನು ನೋಡಿದ ಕೆಲವು ಕೋಶಗಳಲ್ಲಿ ಈ ಹೆಸರಿನ ಕಡತವಿಲ್ಲವೆಂದಷ್ಟೇ ಶೆಲ್ಲು ಹೇಳುತ್ತಿದೆ. ಅಂತಹ ಉಪಕರಣವೇ ಲೋಕದಲ್ಲಿಲ್ಲವೆಂದಾಗಲಿ, ವಿದ್ಯಾರ್ಥಿಗೆ ತಿಳಿವಳಿಕೆ ಸಾಲದೆಂದಾಗಲಿ ಅದು ಹೇಳಿಲ್ಲ.

ಈ ವರದಿಗೆ ಕಾರಣಗಳು ಮೂರು ಇರಬಹುದು. ಹೆಸರನ್ನು ತಪ್ಪಾಗಿ ಒತ್ತಿರುವುದು ಒಂದು. ಕಡತವು ಯಂತ್ರದಲ್ಲಿಯೇ ಇದ್ದು, ಪಾಥ್ ಪಟ್ಟಿಯಲ್ಲಿಲ್ಲದ ಕೋಶದಲ್ಲಿರುವುದು ಎರಡನೆಯದು. ಡೆಬಿಯನ್ ವ್ಯವಸ್ಥೆಯಲ್ಲಿ ಆಡಳಿತಗಾರರಿಗೆಂದು ಮೀಸಲಾದ ಉಪಕರಣಗಳು ಎಸ್‌ಬಿನ್ ಎಂಬ ಕೋಶದಲ್ಲಿರುತ್ತವೆ. ಸಾಮಾನ್ಯ ಬಳಕೆದಾರನ ಪಟ್ಟಿಯಲ್ಲಿ ಆ ಕೋಶವಿಲ್ಲದಿರುವುದರಿಂದ ಅವು ಇದ್ದೂ ಇಲ್ಲದಂತೆ ತೋರುವುವು. ಉಪಕರಣವನ್ನು ಯಂತ್ರದಲ್ಲಿ ಸ್ಥಾಪಿಸಿಯೇ ಇಲ್ಲದಿರುವುದು ಮೂರನೆಯದು. ಮೊದಲನೆಯ ಎರಡು ಕಾರಣಗಳನ್ನು ಪರೀಕ್ಷಿಸಿ ತಳ್ಳಿಹಾಕಿದ ಮೇಲೆಯೇ ಮೂರನೆಯದಕ್ಕೆ ಕೈಹಾಕಬೇಕು. ವಿದ್ಯುತ್ ಮಂಡಲದಲ್ಲಿ ಪ್ರವಾಹ ಹರಿಯದಿದ್ದರೆ ನಾವು ಮೊದಲು ಸ್ವಿಚ್ಚನ್ನು, ಬಳಿಕ ತಂತಿಯ ಜೋಡಣೆಯನ್ನು ನೋಡಿ, ಆಮೇಲೆ ಹೊಸ ಬ್ಯಾಟರಿಯನ್ನು ಕೇಳುವುದಿಲ್ಲವೆ?

ಉಪಕರಣವು ಯಂತ್ರದಲ್ಲಿ ಇಲ್ಲವೆಂದು ನಿಶ್ಚಯವಾಯಿತೆನ್ನೋಣ. ಹಾಗಾದರೆ ಅದನ್ನು ಎಲ್ಲಿಂದ ತರುವುದು? ಲಿನಕ್ಸ್ ವ್ಯವಸ್ಥೆಗಳಲ್ಲಿ ತಂತ್ರಾಂಶವು ಪ್ಯಾಕೇಜುಗಳೆಂಬ ಕಟ್ಟುಗಳ ರೂಪದಲ್ಲಿ ದೊರೆಯುವುದು. ಒಂದು ಕಟ್ಟಿನಲ್ಲಿ ಒಂದೇ ಉಪಕರಣವಿರಬಹುದು, ಹತ್ತಾರು ಇರಲೂಬಹುದು. ಕಟ್ಟಿನ ಹೆಸರಿಗೂ ಒಳಗಿರುವ ಉಪಕರಣದ ಹೆಸರಿಗೂ ಸಂಬಂಧವಿರಲೇಬೇಕೆಂಬ ನಿಯಮವಿಲ್ಲ. ಪಿಡಿಎಫ್ ಪುಸ್ತಕದಿಂದ ಬರಹವನ್ನು ಬೇರ್ಪಡಿಸುವ ಪಿಡಿಎಫ್‌ಟುಟೆಕ್ಸ್ಟ್ ಎಂಬ ಉಪಕರಣವು ಡೆಬಿಯನ್ನಿನಲ್ಲಿ ಪಾಪ್ಲರ್-ಯುಟಿಲ್ಸ್ ಎಂಬ ಕಟ್ಟಿನಲ್ಲಿದೆ. ಜಾಲದ ವಿಳಾಸಗಳನ್ನು ವಿಚಾರಿಸುವ ಡಿಗ್ ಎಂಬುದು ಅದೇ ವ್ಯವಸ್ಥೆಯಲ್ಲಿ ಹಿಂದೆ ಡಿಎನ್‌ಎಸ್‌ಯುಟಿಲ್ಸ್ ಎಂಬ ಕಟ್ಟಿನಲ್ಲಿತ್ತು. 2021ರ ಆವೃತ್ತಿಯಿಂದ ಬೈಂಡ್9-ಡಿಎನ್‌ಎಸ್‌ಯುಟಿಲ್ಸ್ ಎಂಬುದರಲ್ಲಿದೆ. ಫೆಡೋರಾದಲ್ಲಿ ಇದೇ ಉಪಕರಣಕ್ಕಾಗಿ ಬೈಂಡ್-ಯುಟಿಲ್ಸ್ ಎಂಬ ಕಟ್ಟನ್ನು ಬಿಚ್ಚಬೇಕು. ಹೀಗೆ ವ್ಯವಸ್ಥೆ ಬದಲಾದಂತೆ ಹೆಸರು ಬದಲಾಗುವುದು. ಕಾಲ ಕಳೆದಂತೆ ಒಂದೇ ವ್ಯವಸ್ಥೆಯಲ್ಲಿಯೂ ಬದಲಾಗುವುದು. 2023ರಲ್ಲಿ ಹೊರಬಂದ ಡೆಬಿಯನ್ 12ರಲ್ಲಿ 64,419 ಪ್ಯಾಕೇಜುಗಳಿದ್ದುವು. ಇಷ್ಟು ಹೆಸರುಗಳನ್ನು ಕಂಠಪಾಠಮಾಡಲು ಯಾರಿಂದಲೂ ಸಾಧ್ಯವಿಲ್ಲ. ಮಾಡಿದರೂ ಮುಂದಿನ ಆವೃತ್ತಿಯ ವೇಳೆಗೆ ಅವುಗಳಲ್ಲಿ ಕೆಲವು ಸುಳ್ಳಾಗಿರುವುವು.

ಉಪಕರಣದ ಹೆಸರನ್ನೇ ಕಟ್ಟಿನ ಹೆಸರೆಂದು ಊಹಿಸಿದರೆ ಆಗಬಹುದಾದ ಗೊಂದಲಕ್ಕೆ ಒಂದು ನಿದರ್ಶನವನ್ನು ನೋಡಿ. ಲೀನಸ್ ಟೋರ್ವಾಲ್ಡ್ಸ್ ಅವರು 2005ರಲ್ಲಿ ರಚಿಸಿದ ಗಿಟ್ ಎಂಬ ಉಪಕರಣವು ಇಂದು ಲೋಕಪ್ರಸಿದ್ಧವಾಗಿದೆ. ಆದರೆ ಅದು ಹುಟ್ಟುವ ಮೊದಲೇ ಡೆಬಿಯನ್ನಿನಲ್ಲಿ ಗಿಟ್ ಎಂಬ ಹೆಸರಿನ ಕಟ್ಟೊಂದಿತ್ತು. ಅದು ಕಡತಗಳನ್ನು ವೀಕ್ಷಿಸುವ ಬೇರೊಂದು ತಂತ್ರಾಂಶ. ಆದಕಾರಣ ಟೋರ್ವಾಲ್ಡ್ಸರ ಗಿಟ್ ಕೆಲವು ವರ್ಷಗಳ ಕಾಲ ಗಿಟ್-ಕೋರ್ ಎಂಬ ಹೆಸರಿನ ಕಟ್ಟಿನಲ್ಲಿ ಇರಬೇಕಾಯಿತು. ಹೆಸರನ್ನು ನಂಬಿ ಕಟ್ಟನ್ನು ತಂದವನಿಗೆ ಆಗ ದೊರೆಯುತ್ತಿದ್ದುದು ಬೇರೆಯೇ ವಸ್ತು.

ಹತ್ತಿರವಿರುವುದನ್ನೇ ಅದೆಂದು ತಿಳಿಯುವ ಈ ಪ್ರಮಾದ ಭೌತಶಾಸ್ತ್ರಕ್ಕೆ ಹೊಸದಲ್ಲ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ವಿಜ್ಞಾನಿಗಳು ನಮ್ಮ ದೇಶಕ್ಕೆ ಬಂದಿದ್ದರು. ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ಹಳದಿಯ ಪ್ರದೇಶದಲ್ಲೊಂದು ಉಜ್ಜ್ವಲ ರೇಖೆ ಕಾಣಿಸಿತು. ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಿಂದ ನೋಡಿದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರು ತಮ್ಮ ಉಪಕರಣದ ಶಕ್ತಿ ನಿಲುಕುವ ಮಟ್ಟಿಗೆ ಅದು ಸೋಡಿಯಂ ಧಾತುವಿನ ಡಿ ರೇಖೆಯೇ ಎಂದು ತಿಳಿದರು. ಆ ಕಾಲದ ಉಪಕರಣಕ್ಕೆ ಅದು ಸಹಜವಾದ ನಿರ್ಣಯವೇ ಆಗಿತ್ತು. ಸೋಡಿಯಂ ರೇಖೆಗಳ ಸ್ಥಾನ 589.0 ಮತ್ತು 589.6 ನ್ಯಾನೋಮೀಟರು, ಹೊಸ ರೇಖೆಯ ಸ್ಥಾನ 587.6. ಅಂತರ ಒಂದೂವರೆ ನ್ಯಾನೋಮೀಟರಿಗಿಂತಲೂ ಕಡಮೆ. ಅದೇ ವರ್ಷ ನಾರ್ಮನ್ ಲಾಕ್ಯರ್ ಅವರು ಇದು ಸೋಡಿಯಂನದಲ್ಲವೆಂದು ತೋರಿಸಿದರು. ಅದು ಹೀಲಿಯಂ. ಭೂಮಿಯ ಮೇಲೆ ಅದನ್ನು ವಿಲಿಯಂ ರ‍್ಯಾಮ್ಸೆ ಅವರು ಕಂಡುಕೊಂಡುದು 1895ರಲ್ಲಿ.

ರೋಹಿತವನ್ನು ಅಭ್ಯಾಸಮಾಡುವವರಿಗೆ ಎರಡು ಬಗೆಯ ಕೋಷ್ಟಕಗಳು ಬೇಕಾಗುತ್ತವೆ. ಧಾತುವಿನ ಹೆಸರನ್ನು ಕೊಟ್ಟರೆ ಅದರ ರೇಖೆಗಳನ್ನೆಲ್ಲ ಹೇಳುವ ಕೋಷ್ಟಕ ಒಂದು. ರೇಖೆಯ ಸ್ಥಾನವನ್ನು ಕೊಟ್ಟರೆ ಅದು ಯಾವ ಧಾತುವಿನದೆಂದು ಹೇಳುವ ಕೋಷ್ಟಕ ಇನ್ನೊಂದು. ಅಜ್ಞಾತ ವಸ್ತುವನ್ನು ಪರೀಕ್ಷಿಸುವವನಿಗೆ ಎರಡನೆಯದೇ ಮುಖ್ಯ. ನಮ್ಮ ಸಮಸ್ಯೆಯೂ ಇದೇ ಜಾತಿಯದು. ಪ್ಯಾಕೇಜಿನ ಹೆಸರು ಗೊತ್ತಿದ್ದರೆ ಅದರಲ್ಲಿ ಏನೇನಿದೆಯೆಂದು ತಿಳಿಯುವುದು ಸುಲಭ. ಒಳಗಿನ ಕಡತದ ಹೆಸರು ಮಾತ್ರ ಗೊತ್ತಿರುವಾಗ ಅದು ಯಾವ ಪ್ಯಾಕೇಜಿನದೆಂದು ಹೇಳುವ ವಿಲೋಮಸೂಚಿ ಬೇಕು. ಸಂತೋಷದ ಸಂಗತಿಯೆಂದರೆ ಅಂತಹ ಸೂಚಿ ಪ್ರತಿಯೊಂದು ಮುಖ್ಯ ಲಿನಕ್ಸ್ ವ್ಯವಸ್ಥೆಯಲ್ಲಿಯೂ ಸಿದ್ಧವಾಗಿದೆ. ಅದನ್ನು ಕೇಳುವ ವಿಧಾನವನ್ನು ಈಗ ನೋಡೋಣ. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿರುವ ಆಜ್ಞೆಗಳನ್ನು ಯಂತ್ರದಲ್ಲಿ ರೋಮನ್ ಅಕ್ಷರಗಳಲ್ಲಿ ಒತ್ತಬೇಕೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟು ವ್ಯವಸ್ಥೆಗಳಲ್ಲಿ ಕಂಟೆಂಟ್ಸ್ ಎಂಬ ಸೂಚಿಕಡತ ಉಂಟು. ಅದರ ಒಂದೊಂದು ಸಾಲಿನಲ್ಲಿಯೂ ಎಡಗಡೆ ಕಡತದ ಪೂರ್ಣ ವಿಳಾಸ, ಬಲಗಡೆ ಅದನ್ನು ಒದಗಿಸುವ ಪ್ಯಾಕೇಜಿನ ಹೆಸರು ಇರುವುದು. ಇದನ್ನು ಓದಿಕೊಡುವ ಉಪಕರಣಕ್ಕೆ ಆಪ್ಟ್-ಫೈಲ್ ಎಂದು ಹೆಸರು. ಇದನ್ನೂ ಮೊದಲಿಗೆ ಒಮ್ಮೆ ಸ್ಥಾಪಿಸಿಕೊಳ್ಳಬೇಕಾಗುವುದು. ಬಳಿಕ 'ಆಪ್ಟ್-ಫೈಲ್ ಅಪ್‌ಡೇಟ್' ಎಂದು ಸೂಚಿಯನ್ನು ತರಿಸಿಕೊಂಡು, 'ಆಪ್ಟ್-ಫೈಲ್ ಸರ್ಚ್ ಬಿನ್/ಎಚ್5ಡಂಪ್' ಎಂದು ಕೇಳಿದರೆ ಎಚ್‌ಡಿಎಫ್5-ಟೂಲ್ಸ್ ಎಂಬ ಉತ್ತರ ಬರುವುದು. ಹೆಸರಿನ ಹಿಂದೆ ಬಿನ್ ಎಂಬ ಕೋಶದ ಹೆಸರನ್ನೂ ಓರೆಗೆರೆಯನ್ನೂ ಸೇರಿಸುವುದಕ್ಕೆ ಕಾರಣವುಂಟು. ಬರಿಯ ಹೆಸರನ್ನು ಕೊಟ್ಟರೆ ಆ ಅಕ್ಷರಗಳು ಬರುವ ಕೈಪಿಡಿಪುಟಗಳು, ಚಿತ್ರಗಳು, ಉದಾಹರಣೆಗಳೆಲ್ಲವೂ ಉತ್ತರದಲ್ಲಿ ಸೇರಿಕೊಳ್ಳುವುವು. ಫೆಡೋರಾದಲ್ಲಿ 'ಡಿಎನ್‌ಎಫ್ ಪ್ರೊವೈಡ್ಸ್' ಎಂಬ ಆಜ್ಞೆಯ ಮುಂದೆ ನಕ್ಷತ್ರಚಿಹ್ನೆ, ಓರೆಗೆರೆ, ಉಪಕರಣದ ಹೆಸರು, ಇವನ್ನು ಉದ್ಧರಣಚಿಹ್ನೆಯೊಳಗೆ ಕೊಡಬೇಕು. ಅಲ್ಲಿ ಬರುವ ಉತ್ತರ ಎಚ್‌ಡಿಎಫ್5 ಎಂದಷ್ಟೇ. ಆರ್ಚ್ ವ್ಯವಸ್ಥೆಯಲ್ಲಿ ಪ್ಯಾಕ್‌ಮನ್ ಎಂಬ ಆಜ್ಞೆಯೊಡನೆ ಅಡ್ಡಗೆರೆ ಮತ್ತು ದೊಡ್ಡ ಎಫ್ ಅಕ್ಷರವನ್ನು ಸೇರಿಸಿ ಇದೇ ಪ್ರಶ್ನೆಯನ್ನು ಕೇಳಬಹುದು. ಭಾಷೆ ಮೂರು ಬಗೆಯಾದರೂ ಪ್ರಶ್ನೆ ಒಂದೇ ಎಂಬುದನ್ನು ಗಮನಿಸಬೇಕು. ಪ್ರಶ್ನೆಯನ್ನು ಅರಿತವನು ನಾಲ್ಕನೆಯ ವ್ಯವಸ್ಥೆಗೆ ಹೋದರೂ ಅಲ್ಲಿನ ಭಾಷೆಯನ್ನು ಕೈಪಿಡಿಯಿಂದ ಸ್ವಲ್ಪ ಹೊತ್ತಿನಲ್ಲಿ ಕಲಿತುಕೊಳ್ಳಬಲ್ಲನು.

ಸೂಚಿ ಕೊಡುವ ಉತ್ತರವನ್ನೂ ವಿವೇಚನೆಯಿಂದ ಓದಬೇಕು. ಕೆಲವು ವೇಳೆ ಒಂದೇ ಆಜ್ಞೆಯನ್ನು ಎರಡು ಪ್ಯಾಕೇಜುಗಳು ಒದಗಿಸುವುದುಂಟು. ಜಾಲಸಂಪರ್ಕವನ್ನು ಪರೀಕ್ಷಿಸುವ ಎನ್‌ಸಿ ಎಂಬ ಆಜ್ಞೆಗೆ ಡೆಬಿಯನ್ನಿನಲ್ಲಿ ನೆಟ್‌ಕ್ಯಾಟ್-ಓಪನ್‌ಬಿಎಸ್‌ಡಿ, ನೆಟ್‌ಕ್ಯಾಟ್-ಟ್ರೆಡಿಷನಲ್ ಎಂಬ ಎರಡು ಮೂಲಗಳಿವೆ. ಆಜ್ಞೆಯ ಹೆಸರು ಒಂದೇ ಆದರೂ ಅವು ಒಪ್ಪಿಕೊಳ್ಳುವ ಆಯ್ಕೆಗಳಲ್ಲಿ ವ್ಯತ್ಯಾಸವಿದೆ. ಇಂತಹಲ್ಲಿ ಪುಸ್ತಕದ ಲೇಖಕರು ಯಾವುದನ್ನು ಬಳಸಿದ್ದಾರೆಂದು ತಿಳಿದು, ಪ್ಯಾಕೇಜಿನ ವಿವರಣೆಯನ್ನೋದಿ ಆರಿಸಿಕೊಳ್ಳಬೇಕು. ಆರಿಸುವ ಈ ಕೆಲಸವನ್ನು ಯಾವ ಸೂಚಿಯೂ ನಮಗಾಗಿ ಮಾಡಿಕೊಡದು.

ಇನ್ನು ಈ ಅಭಿಪ್ರಾಯಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ವಿಚಾರಿಸೋಣ. ಉಬುಂಟುವಿನಂತಹ ವ್ಯವಸ್ಥೆಗಳು ಆಜ್ಞೆ ಸಿಗದಿದ್ದಾಗ ತಾವಾಗಿಯೇ 'ಇಂತಹ ಪ್ಯಾಕೇಜನ್ನು ಸ್ಥಾಪಿಸಿ' ಎಂದು ಸಲಹೆ ಕೊಡುತ್ತವೆಯಲ್ಲ, ಕಲಿಯುವ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಆ ಸಲಹೆ ಉಪಯುಕ್ತವೇ ಸರಿ. ಅದು ಹುಟ್ಟುವುದೂ ಇಂತಹ ಸೂಚಿಯಿಂದಲೇ. ಆದರೆ ಸಾಮಾನ್ಯವಾಗಿ ಮನುಷ್ಯನು ಎದುರಿಗೆ ಕುಳಿತು ಆಜ್ಞೆಯನ್ನು ಒತ್ತಿದಾಗ ಮಾತ್ರ ಅದು ಕಾಣಿಸುವುದು. ದೂರದ ಯಂತ್ರವೊಂದರಲ್ಲಿ ರಾತ್ರಿಯೆಲ್ಲ ತಾನಾಗಿ ನಡೆಯುವ ಲೆಕ್ಕಾಚಾರದಲ್ಲಿ ಉಪಕರಣವೊಂದು ಸಿಗದೆ ಹೋದರೆ ಬೆಳಗ್ಗೆ ನಮಗೆ ದೊರೆಯುವುದು 127 ಎಂಬ ಸಂಖ್ಯೆ ಮಾತ್ರ. ಅತ್ಯಾವಶ್ಯಕವಾದುದನ್ನಷ್ಟೇ ಇರಿಸಿಕೊಂಡ ಚಿಕ್ಕ ವ್ಯವಸ್ಥೆಗಳಲ್ಲಿ ಈ ಸಲಹೆಗಾರನೂ ಇರುವುದಿಲ್ಲ.

ಜಾಲದಲ್ಲಿ ಹುಡುಕಿದರೆ ಅಥವಾ ಕೃತಕ ಬುದ್ಧಿಮತ್ತೆಯ ಸಾಧನವನ್ನು ಕೇಳಿದರೆ ಒಂದು ನಿಮಿಷದಲ್ಲಿ ಉತ್ತರ ಸಿಗುವುದೆಂಬುದು ಎರಡನೆಯ ಆಕ್ಷೇಪಣೆ. ಇದು ಹೆಚ್ಚು ತೂಕವುಳ್ಳದ್ದು. ಹೀಗೆ ದೊರೆತ ಉತ್ತರ ಎಷ್ಟೋ ವೇಳೆ ಸರಿಯಾಗಿಯೇ ಇರುವುದು. ಆದರೆ ಅದು ಯಾವ ವ್ಯವಸ್ಥೆಗೆ, ಯಾವ ವರ್ಷಕ್ಕೆ ಸರಿ ಎಂಬುದು ಉತ್ತರದಲ್ಲಿ ಇರುವುದೆಂಬ ಭರವಸೆಯಿಲ್ಲ. ಕೃತಕ ಬುದ್ಧಿಮತ್ತೆಯ ಸಾಧನಗಳಂತೂ ಇಲ್ಲದ ಪ್ಯಾಕೇಜಿನ ಹೆಸರನ್ನು ಇರುವಂತೆಯೇ ಹೇಳುವುದುಂಟು. ಯಾರು ಬೇಕಾದರೂ ಹೊಸ ಹೆಸರನ್ನು ನೋಂದಾಯಿಸಬಹುದಾದ ಭಂಡಾರಗಳಲ್ಲಿ ಇಂತಹ ಹೆಸರನ್ನು ದುಷ್ಟರು ವಶಪಡಿಸಿಕೊಂಡರೆ ಅಪಾಯ ತಪ್ಪಿದ್ದಲ್ಲ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಒಂದು ಘಟನೆ ಸಾಕು. 2022ರ ಡಿಸೆಂಬರ್ 25ರಿಂದ 30ರವರೆಗೆ ಪೈಟಾರ್ಚ್ ಎಂಬ ಪ್ರಸಿದ್ಧ ತಂತ್ರಾಂಶದ ದೈನಂದಿನ ಪರೀಕ್ಷಾ ಆವೃತ್ತಿಯನ್ನು ಪಿಪ್ ಎಂಬ ಸಾಧನದ ಮೂಲಕ ಲಿನಕ್ಸ್ ಯಂತ್ರಗಳಲ್ಲಿ ಸ್ಥಾಪಿಸಿದವರಿಗೆ, ಅದರೊಡನೆ ಬೇಕಾಗಿದ್ದ ಟಾರ್ಚ್‌ಟ್ರೈಟನ್ ಎಂಬ ಪ್ಯಾಕೇಜಿನ ಬದಲು ಅದೇ ಹೆಸರಿನ ಕಪಟ ಪ್ಯಾಕೇಜು ದೊರೆಯಿತು. ಅದು ಬಳಕೆದಾರರ ರಹಸ್ಯ ಕೀಲಿಗಳನ್ನೂ ಖಾಸಗಿ ಕಡತಗಳನ್ನೂ ಓದಿ ಹೊರಕ್ಕೆ ಕಳುಹಿಸುವಂತೆ ರಚಿತವಾಗಿತ್ತು. ಹೆಸರಿನಲ್ಲಿ ಒಂದಕ್ಷರದ ತಪ್ಪೂ ಇರಲಿಲ್ಲ. ಪೈಟಾರ್ಚಿನವರ ಸ್ವಂತ ಭಂಡಾರದಿಂದ ಬರಬೇಕಾಗಿದ್ದುದು ಸಾರ್ವಜನಿಕ ಭಂಡಾರದಿಂದ ಬಂದಿತ್ತು, ಅಷ್ಟೇ. ಬಳಕೆದಾರರು ಎಚ್ಚರದಿಂದಿದ್ದರೂ ತಪ್ಪಿಸುವುದು ಕಷ್ಟವಾಗಿದ್ದ ಪ್ರಸಂಗವಿದು. ಹೀಗಿರುವಲ್ಲಿ, ಹೆಸರು ಎಲ್ಲಿಂದ ಬಂದಿತೆಂಬುದನ್ನೇ ವಿಚಾರಿಸದೆ ಆಡಳಿತಾಧಿಕಾರವನ್ನು ಕೊಟ್ಟು ಪ್ಯಾಕೇಜನ್ನು ಸ್ಥಾಪಿಸುವವನ ಗತಿಯೇನು? ಜಾಲದಲ್ಲಿ ಸಿಕ್ಕ ಹೆಸರನ್ನು ತನ್ನ ವ್ಯವಸ್ಥೆಯ ಸೂಚಿಯೊಡನೆ ಹೋಲಿಸಿ ನೋಡಲು ಒಂದು ನಿಮಿಷವೂ ಬೇಡ. ಸೂಚಿಯಲ್ಲಿ ಆ ಹೆಸರು ಇಲ್ಲದಿದ್ದರೆ ಅಲ್ಲಿಯೇ ನಿಂತು ಯೋಚಿಸಲು ಕಾರಣ ದೊರೆತಂತಾಯಿತು.

ಅಧ್ಯಾಪಕರೇ ಎಲ್ಲ ಉಪಕರಣಗಳನ್ನೂ ಮೊದಲೇ ಸ್ಥಾಪಿಸಿಟ್ಟರೆ ಆಗದೆ ಎಂಬುದು ಮೂರನೆಯ ಮಾತು. ಪರೀಕ್ಷೆಯ ದಿನಕ್ಕೆ ಅದು ಸರಿ. ಆದರೆ ಕಾಲೇಜನ್ನು ಬಿಟ್ಟ ಮೇಲೆ ವಿದ್ಯಾರ್ಥಿಯು ಕೆಲಸಮಾಡುವ ಯಂತ್ರವನ್ನು ಯಾರು ಸಿದ್ಧಪಡಿಸಿಡುತ್ತಾರೆ? ಅದಲ್ಲದೆ, ಕಾಲೇಜಿನ ಯಂತ್ರಗಳಲ್ಲಿ ಹೊಸದನ್ನು ಸ್ಥಾಪಿಸುವ ಅಧಿಕಾರ ಸಾಮಾನ್ಯವಾಗಿ ವಿದ್ಯಾರ್ಥಿಗಿರುವುದಿಲ್ಲ. 'ನನ್ನ ಕೆಲಸ ನಡೆಯುತ್ತಿಲ್ಲ' ಎಂದು ಬಂದು ನಿಂತ ವಿದ್ಯಾರ್ಥಿಗೆ ಪ್ರಯೋಗಶಾಲೆಯ ಮೇಲ್ವಿಚಾರಕರು ಒಡನೆಯೇ ನೆರವಾಗಲಾರರು. 'ಎಚ್5ಡಂಪ್ ಆಜ್ಞೆ ಬೇಕಾಗಿದೆ. ಅದು ಎಚ್‌ಡಿಎಫ್5-ಟೂಲ್ಸ್ ಪ್ಯಾಕೇಜಿನಲ್ಲಿದೆ. ದಯವಿಟ್ಟು ಸ್ಥಾಪಿಸಿಕೊಡಿ' ಎಂದವನ ಕೆಲಸ ಕೂಡಲೆ ಆಗುವುದು. ಸರಿಯಾಗಿ ಕೇಳಲು ಕಲಿತವನು ಸ್ವಂತ ಯಂತ್ರವಿಲ್ಲದಿದ್ದರೂ ಪರಾಧೀನನಲ್ಲ. ನಮ್ಮ ಬಹುಮಂದಿ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಸ್ವಂತ ಗಣಕಯಂತ್ರವಿಲ್ಲವೆಂಬುದನ್ನು ನೆನೆದರೆ ಈ ಮಾತಿನ ಮಹತ್ತ್ವ ತಿಳಿದೀತು.

ಕೊನೆಯದಾಗಿ ಒಂದು ಸೂಚನೆ. ಪ್ರಯೋಗದ ದಾಖಲೆಪುಸ್ತಕದಲ್ಲಿ ನಾವು ಉಪಕರಣಗಳ ಪಟ್ಟಿಯನ್ನು ಬರೆಯಿಸುತ್ತೇವೆ. ವರ್ನಿಯರ್ ಕ್ಯಾಲಿಪರ್ಸಿನ ಕನಿಷ್ಠ ಅಳತೆಯನ್ನು ಬರೆಯದಿದ್ದರೆ ಅಂಕ ಕಳೆಯುತ್ತೇವೆ. ಗಣಕಯಂತ್ರದಿಂದ ಪಡೆದ ಫಲಿತಾಂಶಕ್ಕೂ ಇದೇ ನಿಯಮವನ್ನು ಅನ್ವಯಿಸತಕ್ಕದ್ದು. ಬಳಸಿದ ಆಜ್ಞೆ, ಅದನ್ನು ಒದಗಿಸಿದ ಪ್ಯಾಕೇಜು, ಅದರ ಆವೃತ್ತಿಯ ಸಂಖ್ಯೆ, ಈ ಮೂರನ್ನು ಉಪಕರಣಗಳ ಶೀರ್ಷಿಕೆಯ ಕೆಳಗೆ ಬರೆಯಿಸಬೇಕು. ಯಂತ್ರದಲ್ಲಿ ಈಗಾಗಲೇ ಇರುವ ಕಡತ ಯಾವ ಪ್ಯಾಕೇಜಿನದೆಂದು ತಿಳಿಯಲು ಡೆಬಿಯನ್ನಿನಲ್ಲಿ ಡಿಪಿಕೆಜಿ ಆಜ್ಞೆಯೊಡನೆ ಅಡ್ಡಗೆರೆ ಮತ್ತು ದೊಡ್ಡ ಎಸ್ ಅಕ್ಷರವನ್ನು, ಫೆಡೋರಾದಲ್ಲಿ ಆರ್‌ಪಿಎಂ ಆಜ್ಞೆಯೊಡನೆ ಅಡ್ಡಗೆರೆ ಮತ್ತು ಕ್ಯೂಎಫ್ ಎಂಬ ಚಿಕ್ಕಕ್ಷರಗಳನ್ನು ಸೇರಿಸಿ, ಕಡತದ ವಿಳಾಸವನ್ನು ಕೊಟ್ಟರೆ ಸಾಕು. ಇದಕ್ಕೆ ಹೊಸ ಪಠ್ಯಪುಸ್ತಕ ಬೇಡ, ಹೆಚ್ಚಿನ ಹಣವೂ ಬೇಡ. ದಾಖಲೆಪುಸ್ತಕದಲ್ಲಿ ಒಂದು ಸಾಲಿನ ಜಾಗ ಬೇಕು. ಈ ಒಂದು ಸಾಲನ್ನು ತಾನಾಗಿ ತುಂಬಬಲ್ಲ ವಿದ್ಯಾರ್ಥಿಯು ಆಜ್ಞೆ ಸಿಗಲಿಲ್ಲವೆಂಬ ಉತ್ತರವನ್ನು ಕಂಡು ಎದೆಗುಂದಲಾರನು. ಮುಂದೆ ಕೇಳಬೇಕಾದ ಪ್ರಶ್ನೆ ಯಾವುದೆಂದು ಅವನು ಬಲ್ಲನು.